ಎಲುಬಿನ ಕಾವಲುಗಾರ

ಹನೋಯಿಯಲ್ಲಿ ಇದ್ದುಕೊಂಡು ಮನೆಯಲ್ಲೇ ಫೋ ಎಂಬ ಶಾವಿಗೆ ಸಾರು ಮಾಡುತ್ತೇನೆ ಅಂದರೆ ಜನ ಅಯ್ಯೋ ಪಾಪ ಅನ್ನುವಂತೆ ನೋಡುತ್ತಾರೆ. ಬೆಳಗಾಗುತ್ತಲೇ ಬೀದಿಬದಿಯ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ಬಟ್ಟಲು ಬರಿದು ಮಾಡಿ ಆಫೀಸಿಗೆ ಓಡುವ ಊರಿದು. ಇಂಥಲ್ಲಿ ಹಗಲಿಡೀ ಗ್ಯಾಸ್ ಉರಿಸುವವನಿಗೆ ಒಂದೋ ದುಡ್ಡು ಹೆಚ್ಚಾಗಿರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು. ನನಗಿರುವುದು ಭಾನುವಾರ ಮಾತ್ರ.

ಗುರು, ಮೇಲಿನ ಮನೆಯ ಅಜ್ಜಿ. ನಾಮ್ ದಿನ್ ಕಡೆಯವರು. ಫೋ ಹುಟ್ಟಿದ್ದು ತಮ್ಮೂರಲ್ಲೇ ಎನ್ನುವುದರಲ್ಲಿ ಅವರಿಗೆ ಸಂಶಯವಿಲ್ಲ. ತಮ್ಮಲ್ಲೇ ಎನ್ನುವುದರಲ್ಲಿ ಹನೋಯಿಯವರಿಗೂ ಇಲ್ಲ. ಸರ್ಕಾರ 2024ರಲ್ಲಿ ಎರಡೂ ಊರಿನ ಫೋಗೆ ರಾಷ್ಟ್ರೀಯ ಪರಂಪರೆಯ ಪಟ್ಟ ಕಟ್ಟಿ ಜಾಣತನದಿಂದ ಕೈತೊಳೆದುಕೊಂಡಿತು. ಫ್ರೆಂಚ್ ದೊರೆಗಳು ಮಾಂಸ ತಿಂದು ಎಲುಬು ಬಿಟ್ಟರು, ಆ ಎಲುಬಿನಿಂದ ಸಾರು ಹುಟ್ಟಿತು ಎಂಬ ಕಥೆಗೆ ಮಾತ್ರ ಎರಡೂ ಕಡೆಯವರು ತಲೆದೂಗುತ್ತಾರೆ.

ದನದ ಎಲುಬನ್ನು ಮೊದಲು ಒಂದು ಕುದಿ ಬರಿಸಿ, ಆ ನೀರನ್ನು ಪೂರ್ತಿ ಚೆಲ್ಲಬೇಕು. ಕಾಲು ಸೂಪಿನ ಮನೆಯಲ್ಲಿ ಬೆಳೆದ ನನಗೆ ಕೈ ಬರಲಿಲ್ಲ. "ಚೆಲ್ಲು ಮಗಾ, ಅದು ಕೊಳೆ" ಎಂದರು ಅಜ್ಜಿ. ಆಮೇಲೆ ನಲ್ಲಿಯ ಕೆಳಗೆ ಒಂದೊಂದೇ ಎಲುಬನ್ನು ತಿಕ್ಕಿ ತೊಳೆಸಿದರು. ಅಷ್ಟು ಶ್ರದ್ಧೆಯಿಂದ ನನ್ನನ್ನು ಯಾರಾದರೂ ತಿಕ್ಕಿದ್ದರೆ ಅದು ನರಕ ಚತುರ್ದಶಿಯ ಬೆಳಗ್ಗೆ ಮಾತ್ರ.

ಈರುಳ್ಳಿ, ಶುಂಠಿ ಸಿಪ್ಪೆ ಸಮೇತ ಉರಿಗೆ ಹೋಗುತ್ತವೆ, ಗೊಜ್ಜಿಗೆ ಬದನೆಕಾಯಿ ಸುಡುವ ಹಾಗೆ. ಚಕ್ಕೆ, ಲವಂಗ, ಚಕ್ರಮೊಗ್ಗು, ಕೊತ್ತಂಬರಿ ಬೀಜ, ಕಪ್ಪು ಏಲಕ್ಕಿ ಎಲ್ಲ ನಮ್ಮ ಮಸಾಲೆ ಡಬ್ಬಿಯ ನೆಂಟರೇ. ಪರದೇಶದಲ್ಲಿ ಇಷ್ಟು ಜನ ಪರಿಚಿತರು ಒಟ್ಟಿಗೆ ಸಿಕ್ಕ ಖುಷಿಗೆ ನನ್ನ ಮುಷ್ಟಿ ತುಂಬಿತು. ಅಜ್ಜಿ ಅದರಿಂದ ನಾಲ್ಕಾರು ಹೆಕ್ಕಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿದರು. ಮಿಕ್ಕವನ್ನು ಮಾತಿಲ್ಲದೆ ಡಬ್ಬಿಗೆ ಸುರಿದರು. ಇಲ್ಲಿ ಮಸಾಲೆ ಬಂದುಹೋದದ್ದು ಮೂಗಿಗಷ್ಟೇ ಗೊತ್ತಾಗಬೇಕು.

ಮುಂದಿನದೆಲ್ಲ ಕಾವಲು. ಸಣ್ಣ ಉರಿ, ಎಂಟು ಹತ್ತು ಗಂಟೆ. ಕೊತಕೊತ ಕುದಿದರೆ ಕೊಬ್ಬು ಬೆರೆತು ಸಾರು ಕದಡುತ್ತದೆ. ನೊರೆ ಬಂದಂತೆಲ್ಲ ತೆಗೆಯುತ್ತಿರಬೇಕು. ಕುಕ್ಕರಿನ ಪ್ರಸ್ತಾಪ ಮಾಡಿದೆ. ಅಜ್ಜಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸಲಿಲ್ಲ.

ಒಲೆ ಕಾಯುತ್ತಾ ಅಜ್ಜಿ ಯುದ್ಧದ ಕಾಲದ ಕಥೆ ಹೇಳಿದರು. ಆಗ ಸರ್ಕಾರಿ ಅಂಗಡಿಯ ಫೋ ಬಟ್ಟಲಲ್ಲಿ ಮಾಂಸವೇ ಇರುತ್ತಿರಲಿಲ್ಲವಂತೆ. ತಲೆಯ ಮೇಲೆ ಅಮೆರಿಕದ ಪೈಲಟ್ ಇಲ್ಲದ ಬೇಹುಗಾರಿಕೆ ವಿಮಾನ ಹಾರುತ್ತಿದ್ದ ಕಾಲ. ಜನ ಆ ಬಟ್ಟಲಿಗೆ 'ಪೈಲಟ್ ಇಲ್ಲದ ಫೋ' ಎಂದು ಹೆಸರಿಟ್ಟರು. ಹಸಿದ ಹೊಟ್ಟೆಯಲ್ಲೂ ಹೀಗೆ ನಗುವವರನ್ನು ಯಾವ ಸೈನ್ಯ ತಾನೇ ಸೋಲಿಸೀತು! ಅನ್ನ ಹೆಂಡತಿ, ಫೋ ಪ್ರೇಯಸಿ ಎಂಬುದು ಇಲ್ಲಿನ ಗಂಡಸರ ಹಳೆಯ ಜೋಕು. ಪ್ರೇಯಸಿಯನ್ನು ಮನೆಗೇ ಕರೆತಂದು ದಿನವಿಡೀ ನೊರೆ ತೆಗೆದವನ ಗತಿಯ ಬಗ್ಗೆ ಆ ಜೋಕು ಚಕಾರವೆತ್ತುವುದಿಲ್ಲ.

ಕೊನೆಗೆ ಮೀನಿನ ಸಾಸು, ಚೂರು ಕಲ್ಲುಸಕ್ಕರೆ. ಬಟ್ಟಲಿಗೆ ಅಕ್ಕಿಯ ಅಗಲ ಶಾವಿಗೆ, ಮೇಲೆ ಕಾಗದದಷ್ಟು ತೆಳ್ಳಗೆ ಕೊಯ್ದ ಹಸಿ ಮಾಂಸ, ಅದರ ಮೇಲೆ ಕುದಿಯುವ ಸಾರು. ಕೆಂಪು ಮಾಂಸ ಅಂಚಿನಿಂದ ಒಳಮುಖವಾಗಿ ಬೂದಿಬಣ್ಣಕ್ಕೆ ತಿರುಗುತ್ತದೆ. ಅಡುಗೆ ಮುಗಿಯುವುದು ಅಲ್ಲೇ, ಕಣ್ಣೆದುರು. ಈರುಳ್ಳಿ ಸೊಪ್ಪು ಉದುರಿಸಿದರೆ ಆಯಿತು. ಮೊಳಕೆಕಾಳು, ತುಳಸಿಯಂಥ ಸೊಪ್ಪು, ಸಿಹಿ ಸಾಸು ಇವೆಲ್ಲ 1954ರಲ್ಲಿ ದೇಶ ಇಬ್ಭಾಗವಾದಾಗ ಉತ್ತರದವರ ಜೊತೆ ಸೈಗಾನಿಗೆ ಹೋದ ಫೋ ಅಲ್ಲಿ ತೊಟ್ಟ ಒಡವೆಗಳು. ಅಜ್ಜಿಯ ಪ್ರಕಾರ ಅದು ಫೋ ಅಲ್ಲ, ಹಿತ್ತಲು.

ನೀವೂ ಮಾಡುವುದಾದರೆ ಧಾರಾಳವಾಗಿ ಮಾಡಿ. ಆದರೆ ನಿಂಬೆ ಹಿಂಡುವ, ಮೆಣಸಿನಕಾಯಿ ಸುರಿಯುವ ಮುಂಚೆ ಒಂದು ಚಮಚ ಸಾರನ್ನು ಹಾಗೇ ಕುಡಿಯಿರಿ. ಒಲೆ ಕಾದವನಿಗೆ ಅಷ್ಟಾದರೂ ಮರ್ಯಾದೆ ಸಲ್ಲಲಿ.