ಸೋಮವಾರ ಬರ್ರಿ

ಸಾಹೇಬರೇ, ನಾನು ಹುಣಸಗಿ ಕಡೆಯ ರೈತ.

ನಿನ್ನೆ ನಿಮ್ಮ ಕಚೇರಿಯ ಬೆಂಚಿನ ಮೇಲೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ನಾನೇ. ಚೀಲದಲ್ಲಿದ್ದದ್ದು ಬುತ್ತಿಯಲ್ಲ, ಹೊಲದಲ್ಲಿ ಸಿಕ್ಕ ಕಲ್ಲಿನ ಕೈಗೊಡಲಿ. ನಿಮ್ಮ ಜವಾನ ಅದನ್ನು ಚಕಮಕಿ ಕಲ್ಲೆಂದುಕೊಂಡು ಬೀಡಿ ಹಚ್ಚಲು ನೋಡಿದ. ಕಿಡಿ ಬರಲಿಲ್ಲ. ಸುಣ್ಣಗಲ್ಲಿನಿಂದ ಕಿಡಿ ಎಲ್ಲಿಂದ ಬರಬೇಕು? ನಿಮ್ಮ ಕಚೇರಿಯಿಂದಲೂ ಬರಲಿಲ್ಲ ಬಿಡಿ.

ನಿನ್ನೆಯದು ನನ್ನ ಮೂರನೇ ಸೋಮವಾರ. ಮೊದಲ ಸಲ ಗುಮಾಸ್ತರು “ಇದರ ಬೆಲೆ ಎಷ್ಟು?” ಎಂದರು. ಹತ್ತು ರೂಪಾಯಿ ದಾಟಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. ಕಲ್ಲಿನ ಬೆಲೆ ಗೊತ್ತಿಲ್ಲ, ನನ್ನ ಬಸ್ ಚಾರ್ಜಂತೂ ಹತ್ತು ರೂಪಾಯಿ ದಾಟಿದೆ. ವಯಸ್ಸು ಬೇಕಾದರೆ ಹೇಳಬಲ್ಲೆ. ನಮ್ಮ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಪದ್ದಯ್ಯನವರು 1997ರಿಂದ 2001ರವರೆಗೆ ಅಗೆಸಿದರಲ್ಲ, ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂದಿದ್ದಾರೆ. ಇಂಥದೇ ಕೊಡಲಿಗಳು ಅಲ್ಲೂ ಇದ್ದವು.

“ಅಷ್ಟು ವರ್ಷ ಕಾದದ್ದು ಒಂದು ವಾರ ಕಾಯೋದಿಲ್ಲೇನು? ಸೋಮವಾರ ಬರ್ರಿ.”

ಎರಡನೇ ಸೋಮವಾರ ಮೀಟಿಂಗು. ನಿನ್ನೆ ಬೈಗುಳ: “ಕಲ್ಲು ಯಾಕ ಎತ್ತಿದ್ರಿ? ಬಿದ್ದ ಜಾಗದಾಗ ಇರಬೇಕಿತ್ತು.” ಬೈದದ್ದು ಸರಿ. ಇಸಾಂಪುರದಲ್ಲಿ ಹಾಸುಗಲ್ಲು, ಸುತ್ತಿಗೆಗಲ್ಲು, ಚಕ್ಕೆ ಎಲ್ಲ ಒಂದೇ ಕಡೆ ಬಿದ್ದಿದ್ದರಿಂದಲೇ ಅದು ಆಯುಧ ಮಾಡುವ ಜಾಗವೆಂದು ತಿಳಿಯಿತು. ಹಾಗಾದರೆ ಬಂದು ಜಾಗ ನೋಡಿ ಎಂದೆ. ಜೀಪಿಗೆ ಡೀಸೆಲ್ ಇಲ್ಲವಂತೆ. ಸೋಮವಾರ ಬರ್ರಿ.

ಸಾಹೇಬರೇ, ಇನ್ನು ನಗಲು ನನ್ನಿಂದಾಗದು. ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿವೆ. ಗದ್ದೆಗೆ ನೆಲ ಸಮ ಆಗಬೇಕು. ಹೋದ ವರ್ಷ ನಾನೇ ಎರಡು ಎಕರೆ ಸಮ ಮಾಡಿಸಿದೆ. ಆ ಮಣ್ಣಿನಲ್ಲಿ ಏನೇನಿತ್ತೋ, ನನಗೆ ಯಾರೂ ಹೇಳಿರಲಿಲ್ಲ. ಕಲ್ಲು ಸಿಕ್ಕ ಬದುವಿನಾಚೆಯ ನೆಲ ಬಗಲ ಹೊಲದವನದು. ಅವನಿಗೂ ಯಾರೂ ಹೇಳಿಲ್ಲ. ಹೇಳಬೇಕಾದವರು ಮೀಟಿಂಗಿನಲ್ಲಿದ್ದೀರಿ.

ಈ ಸೋಮವಾರ ನಾನು ಬರುವುದಿಲ್ಲ. ನೀವೇ ಬನ್ನಿ, ಡೀಸೆಲ್ ನಾನು ಹಾಕಿಸುತ್ತೇನೆ. ಆದರೆ ಸೋಮವಾರಕ್ಕಿಂತ ಮೊದಲೇ ಬನ್ನಿ. ಅವನು ಜೆಸಿಬಿ ಹೇಳಿರುವುದು ಶನಿವಾರಕ್ಕೆ.