ಏಪ್ರನ್ ಕಟ್ಟಿದ ರಾಷ್ಟ್ರಪಿತ

2009ರಲ್ಲಿ ಡ್ಯಾನ್ ಬ್ರೌನ್ ಅವರ ‘ದಿ ಲಾಸ್ಟ್ ಸಿಂಬಲ್’ ಕಾದಂಬರಿ ಬಂದದ್ದೇ ತಡ, ವಾಷಿಂಗ್ಟನ್ ನಗರದ ಕಂಬಕಂಬಕ್ಕೂ ಗುಟ್ಟು ಅಂಟಿಕೊಂಡಿತು. ಅದರ ನಾಯಕ ಪ್ರೊಫೆಸರ್ ಲ್ಯಾಂಗ್ಡನ್ ಒಂದೇ ರಾತ್ರಿಯಲ್ಲಿ ಫ್ರೀಮೇಸನ್ನರೆಂಬ ಗುಪ್ತಸಂಘದ ಒಗಟು ಬಿಡಿಸುತ್ತಾನೆ. ಅಷ್ಟು ಹೊತ್ತಿನಲ್ಲಿ ಸರ್ಕಾರಿ ಕಡತವೊಂದು ಮೇಜು ದಾಟಿದರೆ ಹೆಚ್ಚು!

ಹಾಗಂತ ಎಲ್ಲವೂ ಬುರುಡೆಯಲ್ಲ. 1793ರ ಸೆಪ್ಟೆಂಬರ್ 18ರಂದು ಜಾರ್ಜ್ ವಾಷಿಂಗ್ಟನ್ ಮೇಸನ್ನರ ಏಪ್ರನ್ ಕಟ್ಟಿಕೊಂಡೇ ಕ್ಯಾಪಿಟಲ್ ಭವನಕ್ಕೆ ಅಡಿಗಲ್ಲು ಇಟ್ಟರು. ಕಲ್ಲಿಗೆ ಧಾನ್ಯ, ದ್ರಾಕ್ಷಾರಸ, ಎಣ್ಣೆಯ ನೈವೇದ್ಯ. ನೆರೆದವರಿಗೆ 500 ಪೌಂಡ್ ತೂಕದ ಎತ್ತಿನ ಬಾಡೂಟ. ಮೆರವಣಿಗೆ ಹೊರಟು, ಊರಿಗೆಲ್ಲ ಉಣಬಡಿಸಿದ ಗುಪ್ತಸಂಘ ಇದೊಂದೇ ಇರಬೇಕು. ತಮಾಷೆಯೆಂದರೆ, ಆ ಕಲ್ಲು ಎಲ್ಲಿದೆಯೆಂದು ಇಂದಿಗೂ ಖಚಿತವಾಗಿ ಪತ್ತೆಯಾಗಿಲ್ಲ.

ಡಾಲರ್ ನೋಟಿನ ಪಿರಮಿಡ್ಡೂ ಮೇಸನ್ನರದೇ? ಅದು ಬಂದದ್ದು ಅಮೆರಿಕದ ರಾಷ್ಟ್ರಮುದ್ರೆಯಿಂದ; ಆ ಮುದ್ರೆ ರೂಪಿಸುವ ಮೊದಲ ಸಮಿತಿಯಲ್ಲಿದ್ದ ಅಪ್ಪಟ ಮೇಸನ್ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ್ದು ಕೆಂಪು ಸಮುದ್ರದ ದಡದ ಮೋಶೆಯನ್ನು. ಕಾಂಗ್ರೆಸ್ಸು ಅದನ್ನೂ ಬದಿಗಿಟ್ಟಿತು.