ಗುಂಪಿನಲ್ಲಿ ಗೋವಿಂದ

ಪುಷ್ಯ ಬಹುಳ ಪಂಚಮಿ ಹತ್ತಿರ ಬಂತು ಅಂದ್ರೆ ನಿಮ್ಮ ಗಂಟಲಿಗೆ ಒಂಥರಾ ತುರಿಕೆ ಶುರುವಾಗುತ್ತೆ, ಹೌದೋ ಅಲ್ವೋ? ವರ್ಷವೆಲ್ಲ ಬಚ್ಚಲುಮನೆ ಬಿಟ್ಟು ಆಚೆ ಹಾಡದ ನೀವು, ಬೀರುವಿನಿಂದ ರೇಷ್ಮೆ ಸೀರೆ (ಅಥವಾ ಇಸ್ತ್ರಿ ಕಾಣದ ಜುಬ್ಬಾ) ತೆಗೆದು ತ್ಯಾಗರಾಜರ ಐದು ಪಂಚರತ್ನ ಕೃತಿಗಳ ಜೆರಾಕ್ಸ್ ಹುಡುಕ್ತೀರಿ. ಅದು 1847ರಲ್ಲಿ ಅವರು ತಿರುವಯ್ಯಾರಿನಲ್ಲಿ ದೇಹ ಬಿಟ್ಟ ತಿಥಿ, ಆರಾಧನೆಯ ದಿನ. ರಾಮಮಂದಿರದಲ್ಲಿ ಗೋಷ್ಠಿ ಗಾಯನ. ಆಡಿಷನ್ ಇಲ್ಲ, ಟಿಕೆಟ್ ಇಲ್ಲ. ಇನ್ನೇನು ಬೇಕು ನಿಮಗೆ?

ಎಲ್ಲಿ ಕೂರ್ತೀರಿ ಅನ್ನೋದೂ ಗೊತ್ತು ಬಿಡಿ. ಮೈಕಿಂದ ದೂರ, ಕ್ಯಾಮೆರಾಕ್ಕೆ ಹತ್ತಿರ, ಚೆನ್ನಾಗಿ ಹಾಡೋ ಟೀಚರಮ್ಮನ ಪಕ್ಕ. ಅವರ ಬಾಯಿ ನೋಡಿಕೊಂಡೇ ನಿಮ್ಮ ಬಾಯಿ ಆಡೋದು, ಅರ್ಧ ಅಕ್ಷರ ಲೇಟಾಗಿ. ತಾಳದಲ್ಲಿ ಹಾಡು ಎತ್ತಿಕೊಳ್ಳೋ ಜಾಗ, ಅಂದ್ರೆ ಎಡುಪು, ನಿಮಗೆ ಸಿಕ್ಕಿದ್ದೇ ಇಲ್ಲ. ಐದು ಕೃತಿಗೂ ಒಂದೇ ಆದಿತಾಳ, ಎಂಟೇ ಎಣಿಕೆ. ಆದ್ರೂ ಅವರು ಕಿರುಬೆರಳಿಗೆ ಬಂದಾಗ ನೀವು ನಡುಬೆರಳಲ್ಲಿ. ಅವರು ಅಂಗೈ ತಿರುಗಿಸಿದಾಗ ನೀವು ತೊಡೆ ಮೇಲೆ ಪಟ್ ಅಂತ ಒಂದು ಏಟು (ಒಮ್ಮೊಮ್ಮೆ ಅವರ ತೊಡೆ ಮೇಲೆ).

ಪಂಚರತ್ನದ ಚರಣಗಳಲ್ಲಿ ಮೊದಲು ಸ್ವರ, ಆಮೇಲೆ ಅದೇ ಧಾಟಿಯಲ್ಲಿ ಸಾಹಿತ್ಯ. ಸ್ವರ ಶುರುವಾದ ಕೂಡಲೇ ನಿಮಗೆ ಕೆಮ್ಮು, ನೀರಿನ ಬಾಟಲಿ ನೆನಪು, ಸ್ಟೇಟಸ್‌ಗೆ ಒಂದು ವಿಡಿಯೋ. ಸಾಹಿತ್ಯ ಬಂದಾಗ ಬರೀ ಗುಂಯ್ ಗುಂಯ್. ತಿರುಗಿ ಪಲ್ಲವಿಗೆ ಬಂದ್ರು ನೋಡಿ, ಹಾಲ್ ಪೂರ್ತಿ ನಿಮ್ದೇ!

ಮಜಾ ಇರೋದು ಎರಡನೆಯದ್ರಲ್ಲಿ, ಗೌಳ ರಾಗದಲ್ಲಿ. ತಮ್ಮ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ, ಇಂಥವನನ್ನು ಯಾವ ರಾಜಕುಮಾರ ಕಾಪಾಡ್ತಾನಪ್ಪಾ ಅಂತ ತ್ಯಾಗರಾಜರು ಗೋಳಾಡೋ ಕೃತಿ. ಆ ಪಟ್ಟಿಯಲ್ಲಿ ಒಂದು ತಪ್ಪು ಯಾವುದು ಗೊತ್ತಾ? ಸ್ವರ, ಲಯ ಎರಡೂ ತಿಳೀದೆ ಒಳ್ಳೇ ಭಕ್ತರಿಗೆ ನಾನೂ ಸಮ ಅಂತ ಬೀಗೋದು! ಪಾಪ, ಮಹಾನುಭಾವರು ಅದನ್ನ ತಮ್ಮ ಮೇಲೇ ಹಾಕ್ಕೊಂಡಿದ್ದಾರೆ. ಆ ಸಾಲನ್ನು ನೀವು ಕಣ್ಮುಚ್ಚಿ, ತಲೆ ತೂಗಿ, ಬೇರೆಯವರಿಗಿಂತ ಮುಂಚೆ ಮುಗಿಸ್ತೀರಿ. (ತೆಲುಗು ಸಾಹಿತ್ಯ, ಬಚಾವ್.)

ನಾಲ್ಕನೆಯದು ವರಾಳಿ ರಾಗ. ಹಾಲ್‌ನ ವಾಲ್ಯೂಮ್ ದಿಢೀರ್ ಇಳಿಯುತ್ತೆ. ವರಾಳಿಯನ್ನು ಎದುರಿಗೆ ಕೂರಿಸಿ ಹೇಳಿಕೊಟ್ರೆ ಗುರು ಶಿಷ್ಯರಿಗೆ ಮನಸ್ತಾಪ ಬರುತ್ತೆ ಅನ್ನೋ ಹಳೇ ನಂಬಿಕೆ ಇದೆ, ಕೇಳಿಯೇ ಕಲೀಬೇಕು. ನಿಮಗೆ ಅಷ್ಟೇ ಸಾಕು. "ನಮ್ಮ ಮೇಷ್ಟ್ರು ವರಾಳಿ ಹೇಳಿಕೊಡ್ಲಿಲ್ಲ ಕಣ್ರೀ" ಅಂತೀರಿ. ಮಿಕ್ಕ ನಾಲ್ಕು ಹೇಳಿಕೊಟ್ಟಿದ್ರಲ್ಲ, ಅವೆಲ್ಲಿ ಹೋದ್ವು ಸ್ವಾಮಿ?

ಹಾಡೋದಿರಲಿ, ಕೂತ ಜಾಗದ ಬೆಲೆಯಾದ್ರೂ ಗೊತ್ತಾ? ಹೆಂಗಸರು ಆರಾಧನೆಯಲ್ಲಿ ಹಾಡಕೂಡದು ಅಂತಿದ್ದ ಕಾಲದಲ್ಲಿ ನಮ್ಮ ಬೆಂಗಳೂರು ನಾಗರತ್ನಮ್ಮನವರು ಸ್ವಂತ ದುಡ್ಡು ಸುರಿದು ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ರು, ಹಠ ಹಿಡಿದು ಹೆಂಗಸರನ್ನು ಕೂರಿಸಿ ಹಾಡಿಸಿದ್ರು. ಅಷ್ಟು ಜಗಳ ಆಡಿ ಗಿಟ್ಟಿಸಿಕೊಟ್ಟ ಜಾಗದಲ್ಲಿ ಕೂತು ನೀವು ಮುಂದಿನವರ ಸೀರೆ ಅಂಚು ಎಷ್ಟು ಬೆರಳು ಅಂತ ಅಳೀತೀರಲ್ರೀ! (ಗಂಡಸರು ನಗಬೇಡಿ. ಜೆರಾಕ್ಸ್ ಮಧ್ಯೆ ಮೊಬೈಲ್ ಇಟ್ಟು ಸ್ಕೋರ್ ನೋಡ್ತಿದ್ದಿದ್ದು ಯಾರು?)

ಕೊನೆಗೆ ಶ್ರೀರಾಗ. ಲೋಕದಲ್ಲಿರೋ ಮಹಾನುಭಾವರಿಗೆಲ್ಲ ನಮಸ್ಕಾರ ಅನ್ನೋ ಕೃತಿ. ಇದಕ್ಕೆ ಮಾತ್ರ ನಿಮ್ಮ ಗಂಟಲು ಪೂರ್ತಿ ಬಿಚ್ಚಿಕೊಳ್ಳುತ್ತೆ. ಆ ನಮಸ್ಕಾರದಲ್ಲಿ ಸ್ವಲ್ಪ ನಿಮ್ಮ ಪಾಲಿಗೂ ಬರುತ್ತೆ ಅನ್ನೋ ಲೆಕ್ಕ ತಾನೆ?

ಮಂಗಳ ಆದ ಮೇಲೆ ಸೆಕ್ರೆಟರಿ ಮೈಕ್ ಹಿಡಿದು, "ಮುಂದಿನ ವರ್ಷ ಎಲ್ಲರೂ ದಯವಿಟ್ಟು ಪ್ರಾಕ್ಟೀಸಿಗೆ ಬನ್ನಿ" ಅಂತಾರೆ. ಕೇಳಿಸ್ಕೊಳ್ಳೋಕೆ ನೀವೆಲ್ಲಿ? ಪುಳಿಯೋಗರೆ ಕ್ಯೂನಲ್ಲಿ ಮೂರನೆಯವರು. ಅಲ್ಲಿ ಮಾತ್ರ ನಿಮ್ಮ ಎಡುಪು ಒಂದು ದಿನವೂ ತಪ್ಪಿಲ್ಲ.